ಚಿತ್ತಾ ನಕ್ಷತ್ರದ ಪಕ್ಕದ ಮನೆತನ

ನನ್ನ ಭಾವಮೈದುನನಿಗೆ ಆಕಾಶದಲ್ಲಿ ಒಂದು ಮನೆತನದ ನಿಕಟ ಪರಿಚಯವಿದೆ. ಆ ಮನೆಯ ಯಜಮಾನನ ತೂಕವೆಷ್ಟು, ಸುತ್ತಳತೆಯೆಷ್ಟು, ವಯಸ್ಸೆಷ್ಟು, ಮೈಬಿಸಿ ಎಷ್ಟು, ಅವನನ್ನು ಸುತ್ತುವ ಕೂಸು ಒಂದು ಪ್ರದಕ್ಷಿಣೆಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದನ್ನೆಲ್ಲ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲ. ಆದರೆ ಸ್ವಂತ ಅಕ್ಕನಿಗೆ ಮೊಮ್ಮಕ್ಕಳು ನಾಲ್ವರೋ ಐವರೋ ಎಂದು ಕೇಳಿ ನೋಡಿ. ತಲೆ ಕೆರೆದುಕೊಂಡು, "ಇಲ್ಲೀವರೆಗೆ ಎಷ್ಟು ಕಂಡವೆ ಅಕ್ಕ?" ಎಂದು ಅವಳನ್ನೇ ಕೇಳುತ್ತಾನೆ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ, "ಭಾವ ಒಬ್ಬರೇ ಹೇಳಿದ್ರೆ ಆಯ್ತಾ, ರೇಷನ್ ಕಾರ್ಡನ್ನೂ ನೋಡ್ಲಿ" ಎಂದು ಓದುಗರನ್ನು ಆಲೂರಿನ ತಾಲ್ಲೂಕು ಕಚೇರಿಗೆ ಅಟ್ಟುವವನು ಅವನು. ಯಾವ ಸಂಗತಿಯನ್ನಾಗಲಿ ಒಂದೇ ಬಾಯಿಂದ ಕೇಳಿ ನಂಬಬಾರದು, ಒಂದೇ ಕಣ್ಣಿಂದ ನೋಡಿ ಒಪ್ಪಬಾರದು, ಒಂದೇ ಅಳತೆಯಿಂದ ಅಳೆದು ಬರೆಯಬಾರದು ಎಂಬುದು ಅವನ ಜೀವನದ ಏಕೈಕ ವ್ರತ. ನಾನು ವರ್ಷಕ್ಕೆ ಇಪ್ಪತ್ತನಾಲ್ಕು ಏಕಾದಶಿಗಳನ್ನು ನಿರಾಹಾರವಾಗಿ ಆಚರಿಸುತ್ತೇನೆ. ಅವನು ಈ ಒಂದು ವ್ರತವನ್ನು ಮುನ್ನೂರ ಅರವತ್ತೈದು ದಿನವೂ ಆಚರಿಸುತ್ತಾನೆ. ಕಠಿಣವಾದದ್ದು ಯಾರದೆಂದು ನನಗೆ ಇಂದಿಗೂ ಸಂದೇಹವಿದೆ.

ನಾನು ಆಲೂರಿನ ಶಾಲೆಯೊಂದರಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು. ಈಗ ಎಪ್ಪತ್ತಾರು ತುಂಬಿದೆ. ಬೆಳಿಗ್ಗೆ ಎದ್ದು ಪಂಚಾಂಗ ನೋಡದೆ ಹೊಸ್ತಿಲು ದಾಟುವ ಅಭ್ಯಾಸವಿಲ್ಲ. ಅವನು ನನ್ನ ಹೆಂಡತಿಯ ಒಬ್ಬನೇ ತಮ್ಮ. ನನಗಿಂತ ಎಂಟು ವರ್ಷಕ್ಕೆ ಕಿರಿಯ. ಯಸಳೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದ, ಎಂದರೆ ಆಳುಗಳ ಹಾಜರಿಯಿಂದ ಮಳೆಯ ಲೆಕ್ಕದವರೆಗೆ ಎಲ್ಲವನ್ನೂ ಬರೆದಿಡುವ ಗುಮಾಸ್ತ. ಲೈನ್ ಮನೆಗಳ ಕೂಲಿಯಾಳುಗಳ ನಡುವೆಯೇ ಆಯುಷ್ಯ ಕಳೆದದ್ದರಿಂದ ಅವನ ಮಾತೂ ಅವರದೇ ಆಯಿತು. ನನ್ನ ವ್ಯಾಕರಣ ಅವನ ಮುಂದೆ ಎಂದೋ ಕೈಚೆಲ್ಲಿದೆ.

ಆ ಎಸ್ಟೇಟಿನಲ್ಲಿ ಅವನು ಮಳೆ ಅಳೆಯುತ್ತಿದ್ದ ಬಗೆಯನ್ನು ಇಂದಿಗೂ ಅಲ್ಲಿಯವರು ಹೇಳಿಕೊಂಡು ನಗುತ್ತಾರೆ. ಧಣಿಗಳು ಕೊಡಿಸಿದ್ದು ಒಂದು ಮಳೆಮಾಪಕ. ಇವನು ತನ್ನ ಕೈಯಾರೆ ಇನ್ನೆರಡು ಡಬ್ಬಿಗಳನ್ನು ಮಾಡಿ ಬೇರೆ ಬೇರೆ ಕಡೆ ಹುಗಿದಿದ್ದ. ಒಂದು ಸಂಜೆ ಧಣಿಗಳು ತೊಯ್ದು ತೊಪ್ಪೆಯಾಗಿ ಬಂದು ಕೇಳಿದರಂತೆ:

"ಎಷ್ಟು ಬಂತು ರೈಟ್ರೇ ಮಳೆ?"

"ಎರಡು ಡಬ್ಬಿ ಒಂದು ಮಾತು ಹೇಳ್ತವೆ ಧಣಿ, ಮೂರನೇದು ಬೇರೆ ಹೇಳ್ತೈತೆ. ಅದರ ತಲೆ ಮ್ಯಾಲೆ ಸಿಲ್ವರ್ ಮರದ ಕೊಂಬೆ ಬಾಗೈತೆ ಅಂತ ಕಾಣ್ತದೆ. ನೋಡಿ ನಾಳೆ ಹೇಳ್ತೀನಿ."

"ನಾನು ನೆನೆದು ನಿಂತಿದೀನಲ್ಲಯ್ಯ, ಇದು ಕಾಣಲ್ವಾ?"

"ಅದು ನಾಲ್ಕನೇ ಲೆಕ್ಕ ಧಣಿ. ಬರ್ಕೋತೀನಿ, ಅಲ್ಲೇ ನಿಂತಿರಿ."

ಅವನು ಅವಿವಾಹಿತನಾಗಿ ಉಳಿದದ್ದಕ್ಕೂ ಈ ವ್ರತವೇ ಕಾರಣ. ನಲವತ್ತು ವರ್ಷದ ಹಿಂದೆ ಅವನಿಗೆ ಹೆಣ್ಣು ತೋರಿಸಲು ಸಕಲೇಶಪುರದ ಒಂದು ಮನೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಹುಡುಗಿ ಲಕ್ಷಣವಾಗಿದ್ದಳು, ಮೃದುವಾಗಿ ಹಾಡಿದಳು, ಉಪ್ಪಿಟ್ಟೂ ಹದವಾಗಿತ್ತು. ಹುಡುಗಿಯ ತಂದೆ ಕೈಮುಗಿದು, "ಹುಡುಗನ ಅಭಿಪ್ರಾಯ ಏನೋ?" ಎಂದರು. ಇವನು ಗಂಭೀರವಾಗಿ, "ಚೆನ್ನಾಗವ್ರೆ ಅನ್ನಿಸ್ತೈತೆ. ಆದ್ರೆ ಇದು ಸಾಯಂಕಾಲದ ಬೆಳಕು ನೋಡಿ. ಬೆಳಿಗ್ಗೆ ಒಂದ್ಸಲ, ಮೋಡ ಇದ್ದಾಗ ಒಂದ್ಸಲ ಬಂದು ನೋಡಿದ್ರೆ ನಿಖರವಾಗಿ ಹೇಳ್ಬೋದು" ಎಂದ. ಆ ಮನೆಯಿಂದ ನಾವು ಹೊರಬಂದ ವೇಗವನ್ನು ಮಾತ್ರ ಅವನು ಅಳೆಯಲಿಲ್ಲ. ಬಾಗಿಲ ಹಿಂದೆ ಆ ಹುಡುಗಿ ನಕ್ಕದ್ದು ನನಗೆ ಕೇಳಿಸಿತ್ತು. ಮುಂದಿನ ತಿಂಗಳು ಅವಳು ಬೇರೊಬ್ಬರನ್ನು ಒಂದೇ ವೀಕ್ಷಣೆಯಲ್ಲಿ ಒಪ್ಪಿಕೊಂಡಳು.

ನಿವೃತ್ತನಾದ ಮೇಲೆ ಅವನು ನಮ್ಮಲ್ಲಿಗೇ ಬಂದ. ಆಲೂರಿನಿಂದ ಸಕಲೇಶಪುರದ ಕಡೆ ಹೋಗುವಾಗ ಸಿಗುವ ಒಂದು ಗುಡ್ಡದ ಇಳಿಜಾರಿನಲ್ಲಿ ನಮ್ಮ ಮನೆ. ಆಲೂರಿನಲ್ಲಿರುವ ಮಗ ಬಂದು ನೋಡಿಕೊಳ್ಳುವ ಐದು ಎಕರೆ ಕಾಫಿ. ಮನೆಯ ಹಿಂದೆ ನಲವತ್ತು ಮೆಟ್ಟಿಲು ಹತ್ತಿದರೆ ಮೊದಲು ಕಾಫಿ ಮೂಟೆ ಇಡುತ್ತಿದ್ದ ಹಳೆಯ ಸ್ಟೋರ್. ಅದೇ ಅವನ ವಾಸಸ್ಥಾನ. ಊಟ ಮಾತ್ರ ಕೆಳಗೆ ನಮ್ಮ ಜೊತೆ. ಅಲ್ಲಿಯೂ ವ್ರತಭಂಗವಿಲ್ಲ. ನಮ್ಮಾಕೆ ಒಮ್ಮೆ, "ಸಾರಿಗೆ ಉಪ್ಪು ಸರಿಯಾಗಿದೆಯೇನೋ?" ಎಂದು ಕೇಳಿದಳು.

"ಅನ್ನದ ಜೊತೆ ನೋಡ್ದೆ, ಸರಿ ಐತೆ. ಬರೀ ಸಾರು ಕುಡ್ದೆ, ಸರಿ ಐತೆ. ಭಾವನ ಮುಖ ನೋಡ್ದೆ, ಅದೂ ಸರಿ ಐತೆ. ಮೂರೂ ಹೊಂದ್ತವೆ ಅಕ್ಕ."

"ಮೂರನೆಯದನ್ನು ನಂಬಬೇಡ. ಅವರು ಐವತ್ತು ವರ್ಷದಿಂದ ಅದೇ ಮುಖ ಇಟ್ಟುಕೊಂಡೇ ಉಂಡಿದ್ದಾರೆ" ಎಂದಳು ನಮ್ಮಾಕೆ.

ಸ್ಟೋರಿಗೆ ಬಂದ ವರ್ಷವೇ ಅವನು ತನ್ನ ಉಳಿತಾಯವನ್ನೆಲ್ಲ ಸುರಿದು ಒಂದು ದೂರದರ್ಶಕವನ್ನೂ ಅದಕ್ಕೆ ಹೊಂದುವ ಕ್ಯಾಮೆರಾವನ್ನೂ ತರಿಸಿದ. ಆಲೂರಿನ ಅವನ ಗೆಳೆಯರಾದ ಸಾಬರೊಬ್ಬರು, ಮೆಣಸಿನ ವ್ಯಾಪಾರದವರು, ತಮ್ಮ ಲಾರಿಯಲ್ಲಿ ಅದನ್ನು ಬೆಂಗಳೂರಿನಿಂದ ತಂದರು. ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ಇಳಿಸುವಾಗ, "ನನ್ನ ಮಗಳನ್ನ ಹೆರಿಗೆ ಆದ ಮೇಲೆ ಮನೆಗೆ ಕರ್ಕೊಂಡು ಬಂದಾಗ್ಲೂ ಲಾರಿ ಇಷ್ಟು ನಿಧಾನ ಓಡ್ಸಿರಲಿಲ್ಲ ಮಾರಾಯ" ಎಂದರು. ಅವನು ಕೃತಜ್ಞತೆಯಿಂದ ಅವರ ಕೈ ಹಿಡಿದುಕೊಂಡು, ಸರಿಯಾಗಿ ಎಷ್ಟು ಗಂಟೆಗೆ ಹೊರಟಿರಿ ಎಂದು ಕೇಳಿದ.

ಅವನ ನಕ್ಷತ್ರವಿರುವುದು ಚಿತ್ತೆಯ ಪಕ್ಕದಲ್ಲಿ. ಬರಿಗಣ್ಣಿಗೆ ಕಾಣುವುದಿಲ್ಲ. ಹೆಸರೆಂದರೆ ಬರೀ ಅಂಕಿಗಳು, ವಾಹನದ ನಂಬರಿನ ಹಾಗೆ. ಅದಕ್ಕೆ ಒಂದು ಗ್ರಹವಿದೆ ಎಂದು ದೊಡ್ಡ ದೊಡ್ಡ ವೀಕ್ಷಣಾಲಯದವರು ಮೊದಲೇ ಕಂಡುಹಿಡಿದಿದ್ದರು. ಅದನ್ನು ಇನ್ನಷ್ಟು ಚೆನ್ನಾಗಿ ಅಳೆಯಲು ಪ್ರಾಧ್ಯಾಪಕಿಯೊಬ್ಬರು ಹಲವು ದೇಶಗಳ ಹವ್ಯಾಸಿಗಳ ಗುಂಪು ಕಟ್ಟಿದ್ದರು. ನಮ್ಮವನು ಪತ್ರ ಬರೆದು ಅದರಲ್ಲಿ ಸೇರಿಕೊಂಡ. ಅವರನ್ನು ಅವನು 'ಮೇಡಂ' ಎನ್ನುತ್ತಾನೆ. ಕಂಡದ್ದಿಲ್ಲ, ಆದರೂ ಅವರ ಪತ್ರ ಓದುವಾಗ ಎದ್ದು ನಿಲ್ಲುತ್ತಾನೆ.

ಕಣ್ಣಿಗೆ ಕಾಣದ ನಕ್ಷತ್ರವನ್ನು ತೂಗುವುದು ಹೇಗೆ? ಒಂದು ಬೆಳಿಗ್ಗೆ ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕುಳಿತು ಅವನನ್ನೇ ಕೇಳಿದೆ. ಅವನು ನನ್ನ ಹೆಬ್ಬೆರಳನ್ನು ಹಿಡಿದು ಮುಖದ ಮುಂದೆ ಚಾಚಿಸಿದ.

"ಎಡಗಣ್ಣು ಮುಚ್ಚಿ ನೋಡಿ. ಈಗ ಬಲಗಣ್ಣು ಮುಚ್ಚಿ. ಬೆರಳು ಜರುಗ್ತಾ?"

"ಜರುಗಿತು."

"ಭೂಮಿ ಆರು ತಿಂಗಳು ಸೂರ್ಯನ ಈ ಕಡೆ ಇರ್ತೈತೆ, ಆರು ತಿಂಗಳಿಗೆ ಆ ಕಡೆ. ಅವೇ ಎರಡು ಕಣ್ಣು. ನಕ್ಷತ್ರ ಎಷ್ಟು ಜರುಗ್ತು ಅಂತ ನೋಡಿದ್ರೆ ದೂರ ಗೊತ್ತಾಗ್ತೈತೆ. ಇನ್ನು ಬಿಸಿ. ಕುಲುಮೇಲಿ ಕಬ್ಬಿಣ ನೋಡಿದೀರಲ್ಲ, ಕೆಂಪಗಿದ್ರೆ ಎಷ್ಟು ಕಾದೈತೆ, ಬೆಳ್ಳಗಿದ್ರೆ ಎಷ್ಟು ಅಂತ ಕಮ್ಮಾರ ಬಣ್ಣದ ಮ್ಯಾಲೆ ಹೇಳಲ್ವಾ? ಹಂಗೆ. ಬಿಸಿ, ಹೊಳಪು, ದೂರ ಮೂರೂ ಸಿಕ್ಕಿದ್ರೆ ಗಾತ್ರ ಸಿಕ್ತು."

"ತೂಕ?"

"ಮಗ ಸುತ್ತುವಾಗ ಅಪ್ಪನೂ ಒಂಚೂರು ತೂರಾಡ್ತಾನೆ. ದೊಡ್ಡ ದೂರದರ್ಶಕದೋರು ಆ ತೂರಾಟ ಹಿಡೀತಾರೆ. ಅಲ್ಲದೆ ನಕ್ಷತ್ರ ಒಳಗೊಳಗೇ ಗಂಟೆ ಥರ ಕಂಪಿಸ್ತೈತೆ ಕಣ್ ಭಾವ. ನಿಮ್ಮ ಪೂಜೆ ಗಂಟೆ ನಾದ ಕೇಳಿ ಕಂಚು ದಪ್ಪನೋ ತೆಳುವೋ ಹೇಳ್ತೀರಲ್ಲ? ಅವರೂ ಹಂಗೇ ಹೇಳ್ತಾರೆ. ನನ್ನ ಪಾಲಿನ ಕೆಲ್ಸ ಸಣ್ಣದು. ಗ್ರಹ ನಕ್ಷತ್ರದ ಮುಂದೆ ಹಾದು ಹೋಗುವಾಗ ಬೆಳಕು ನೂರರಲ್ಲಿ ಒಂದು ಪಾಲು ಕುಗ್ತೈತೆ. ಎಷ್ಟು ಕುಗ್ತು, ಎಷ್ಟು ಹೊತ್ತು ಕುಗ್ತು, ಅಷ್ಟು ಬರೀಬೇಕು. ಅದ್ರಿಂದ ಗ್ರಹದ ಗಾತ್ರ. ಆದ್ರೆ ಒಂದು ತಿಳ್ಕೊಳ್ಳಿ: ಗ್ರಹ ನಕ್ಷತ್ರದ ಎಷ್ಟನೇ ಪಾಲು ಅಂತಷ್ಟೇ ಗೊತ್ತಾಗೋದು. ಯಜಮಾನನ ಅಳತೆ ತಪ್ಪಿದ್ರೆ ಮಕ್ಕಳ ಅಳತೆನೂ ತಪ್ಪು. ಅದಕ್ಕೇ ಎಲ್ರೂ ನೋಡಿದ್ದನ್ನ ಕೂಡಿಸ್ಬೇಕು."

ನಾನು ಬೆರಳನ್ನು ಚಾಚಿಕೊಂಡೇ ಕುಳಿತಿದ್ದೆ. ಪ್ರತ್ಯಕ್ಷ, ಅನುಮಾನ, ಆಪ್ತರ ಮಾತು ಎಂದು ಪ್ರಮಾಣಗಳನ್ನು ಆಯುಷ್ಯವಿಡೀ ಮಕ್ಕಳಿಗೆ ಪಾಠ ಮಾಡಿದವನು ನಾನು. ಅವುಗಳನ್ನು ಒಂದೇ ನೊಗಕ್ಕೆ ಹೂಡಿ ಉಳುವವನನ್ನು ಕಂಡದ್ದು ಅಂದೇ. ಪ್ರತಿಯೊಬ್ಬನೂ ತನಗೆ ಕಂಡಷ್ಟನ್ನೇ ಹೇಳಿ, ಕಾಣದ್ದನ್ನು ಮತ್ತೊಬ್ಬನಿಗೆ ಬಿಡುವುದು ಎಂತಹ ವಿನಯ. ದೇವರ ಸೃಷ್ಟಿಯನ್ನು ಹೀಗೆ ಕೈಕಟ್ಟಿ ನಿಂತು ನೋಡುವುದೂ ಒಂದು ಪೂಜೆಯೇ ಎಂದು ಅಂದಿನಿಂದ ನನ್ನ ಭಾವನೆ. ಇದನ್ನು ಅವನಿಗೆ ಹೇಳಿದರೆ, "ನೀವೊಬ್ರೇ ಅಂದ್ರೆ ಆಗಲ್ಲ" ಎನ್ನುತ್ತಾನೆಂದು ಹೇಳಿಲ್ಲ.

ಅವನ ವೀಕ್ಷಣಾ ಪುಸ್ತಕವನ್ನು ನೀವು ನೋಡಬೇಕು. ಎಸ್ಟೇಟಿನ ಹಾಜರಿ ಪುಸ್ತಕದಂತೆಯೇ ಗೀಟು ಹಾಕಿದ್ದಾನೆ. ದಿನಾಂಕ, ಗಂಟೆ, ಬೆಳಕು, ಗಾಳಿ, ಮೋಡ. ಕಟ್ಟಕಡೆಗೆ ಒಂದು ಅಗಲವಾದ ಅಂಕಣ: 'ಇನ್ನೊಬ್ಬರು ಕಂಡದ್ದು'. ಮೊದಲನೆಯ ಗ್ರಹದ ದಿನಗಳಲ್ಲಿ ಆ ಅಂಕಣ ತುಂಬಿರುತ್ತಿತ್ತು. ಗುಂಪಿನವರು ಕಂಡದ್ದನ್ನು ಅವನು ಶ್ರದ್ಧೆಯಿಂದ ಅಲ್ಲಿ ಇಳಿಸುತ್ತಿದ್ದ. ಆದರೆ ಕಳೆದ ವರ್ಷದಿಂದ ಕೆಲವು ಸಾಲುಗಳಲ್ಲಿ ಅದು ಖಾಲಿಯಾಗಿ ಉಳಿಯತೊಡಗಿತು. ಅವನು ಎರಡನೆಯ ಗ್ರಹವೊಂದನ್ನು ಕಂಡಿದ್ದ.

ಹೌದು, ನಮ್ಮ ಹಳೆಯ ಕಾಫಿ ಸ್ಟೋರಿನ ತಾರಸಿಯಿಂದ. ನಸುಕಿನ ನಾಲ್ಕು ಗಂಟೆಯ ಸುಮಾರಿಗೆ ನಕ್ಷತ್ರದ ಬೆಳಕು ಕುಗ್ಗಿ, ಮುಕ್ಕಾಲು ಗಂಟೆಯ ಮೇಲೆ ಮತ್ತೆ ಸರಿಹೋಗಿತ್ತು. ಹದಿನೈದು ದಿನದ ನಂತರ ಪುನಃ. ಇನ್ನು ಹದಿನಾಲ್ಕು ದಿನಕ್ಕೆ ಪುನಃ. ಮೊದಲು ಅವನು ಚಂದ್ರನ ಮೇಲೆ ಸಂಶಯಪಟ್ಟ. ಒಮ್ಮೆ ಪಶ್ಚಿಮದಲ್ಲಿ ಮುಳುಗುವ ದೊಡ್ಡ ಚಂದ್ರ, ಇನ್ನೊಮ್ಮೆ ಪೂರ್ವದಲ್ಲಿ ಏಳುವ ಗೀರುಚಂದ್ರ. ಬೆಳಕಿನ ಕುಗ್ಗು ಮಾತ್ರ ಒಂದೇ. ಚಂದ್ರ ನಿರಪರಾಧಿಯೆಂದು ಬಿಡುಗಡೆಯಾದ. ಮಳೆಗಾಲವೆಲ್ಲ ಕಳೆದು, ಧನುರ್ಮಾಸದ ಮಂಜೂ ಕರಗಿ ಈ ವರ್ಷ ಮತ್ತೆ ಆಕಾಶ ತೆರೆದಾಗ, ಲೆಕ್ಕ ಹಾಕಿದ ದಿನಕ್ಕೇ ಗ್ರಹ ಹಾಜರಾಯಿತು. ಒಟ್ಟು ಎಂಟು ಸಲ.

ಅಂದು ಅವನು ಊಟಕ್ಕೆ ಕುಳಿತು ಎರಡು ಸಲ ಮಜ್ಜಿಗೆ ಹಾಕಿಸಿಕೊಂಡ. ಅವನ ಮಟ್ಟಿಗೆ ಅದು ಉತ್ಸವ.

"ಆದ್ರೆ ಒಂದು ತೊಡಕೈತೆ ಭಾವ. ಒಂದ್ಸಲ ಹದಿನಾಲ್ಕು ದಿನಕ್ಕೆ ಬರ್ತೈತೆ, ಒಂದ್ಸಲ ಹದಿನೈದು, ಒಂದ್ಸಲ ಹದಿನಾರೂ ಆಗ್ಬುಡ್ತು. ಗ್ರಹ ಅಂದ್ಮೇಲೆ ಶಿಸ್ತಿರ್ಬೇಕು. ನನಗೇನನ್ನಿಸ್ತೈತೆ ಅಂದ್ರೆ, ಇದನ್ನ ಇನ್ಯಾವುದೋ ಮೂರನೇ ಗ್ರಹ ಆ ಕಡೆ ಈ ಕಡೆ ಎಳೀತಾ ಐತೆ."

"ಎರಡನೆಯದರ ನಾಮಕರಣವೇ ಆಗಿಲ್ಲ, ಆಗಲೇ ಮೂರನೆಯದಕ್ಕೆ ಬಸಿರಾದೆಯಲ್ಲೋ" ಎಂದಳು ಅವನ ಅಕ್ಕ.

ಅವನು ನಗಲಿಲ್ಲ. ತಟ್ಟೆಯ ಅಂಚನ್ನು ಬೆರಳಿಂದ ಸವರುತ್ತ ನನ್ನ ಕಡೆ ತಿರುಗಿ, "ಮೂವತ್ತು ವರ್ಷ ಬರ್ದೆ ಭಾವ. ಮಳೆ ಬರ್ದೆ, ಹಾಜರಿ ಬರ್ದೆ. ಎಲ್ಲಾ ಬೇರೆಯೋರು ಮೊದ್ಲೇ ಕಂಡದ್ದು. ಒಂದೇ ಒಂದು ನಾನು ಮೊದ್ಲು ನೋಡಿದ್ದು ಅಂತ ಆಗ್ಲಿ. ಆಮ್ಯಾಲೆ ಇನ್ನೊಬ್ರು ನೋಡಿ, ಹೌದು ಐತೆ ಅನ್ಲಿ. ಸಾಕು" ಎಂದ. ಅರವತ್ತೆಂಟು ವರ್ಷದಲ್ಲಿ ಅವನು ಏನನ್ನಾದರೂ ತನಗಾಗಿ ಬಯಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಹೆಣ್ಣು ನೋಡಲು ಹೋದಾಗಲೂ ಹೀಗೆ ಹೇಳಿರಲಿಲ್ಲ.

ಮೇಡಂ ಅವರಿಗೆ ಬರೆದ. ಮುಂದಿನ ಸಲ ಯಾವ ದಿನವೆಂದು ಮೊದಲೇ ತಿಳಿಸಿ, ನಮ್ಮಲ್ಲಿ ಕತ್ತಲಿರುವ ನಾಲ್ಕೈದು ಊರುಗಳಿಂದ ಒಟ್ಟಿಗೇ ನೋಡಿಸೋಣ ಎಂದು ಅವರಿಂದ ಉತ್ತರ ಬಂತು. ಇವನು ಫಾಲ್ಗುಣದ ಒಂದು ದಿನವನ್ನು ಲೆಕ್ಕ ಹಾಕಿ ಕಳಿಸಿದ. ಕಳಿಸುವ ಮುನ್ನ ಆ ಲೆಕ್ಕವನ್ನು ಮೂರು ವಿಧಾನಗಳಿಂದ ಮಾಡಿದನೆಂದು ಬೇರೆ ಹೇಳಬೇಕೆ?

ಆ ದಿನಕ್ಕೆ ಸರಿಯಾಗಿ ನಾನು ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದೆ. ಬಹುಕಾಲದ ಹರ್ನಿಯಾ ಒಮ್ಮೆಲೇ ಹಟ ಹಿಡಿದು, ಶಸ್ತ್ರಚಿಕಿತ್ಸೆಯೇ ಆಗಬೇಕೆಂದರು. ನಮ್ಮಾಕೆ ಜೊತೆಗಿದ್ದಳು. ಆ ಏಕಾದಶಿಯ ಉಪವಾಸವನ್ನು ಡಾಕ್ಟರು ನನ್ನನ್ನು ಕೇಳದೆಯೇ ಮಾಡಿಸಿದರು. ಪಾರಣೆಗೆ ಗ್ಲೂಕೋಸಿನ ನೀರು.

ಅದರ ಮರುದಿನ ಮಧ್ಯಾಹ್ನ ಅವನು ಬಸ್ಸಿನಲ್ಲಿ ಬಂದ. ಕಂಕುಳಲ್ಲಿ ವೀಕ್ಷಣಾ ಪುಸ್ತಕ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ನನ್ನ ಜ್ವರದ ಪಟ್ಟಿಯನ್ನು ಓದಿ, ನನ್ನ ಹಣೆ ಮುಟ್ಟಿ, ಅಕ್ಕನನ್ನೂ ಕೇಳಿ, ಮೂರೂ ಹೊಂದಿದ ಮೇಲೆ ಹೇಳಿದ:

"ಬರ್ಲಿಲ್ಲ ಭಾವ."

"ಯಾರು?"

"ಅದೇ, ಎರಡನೇದು. ನಾನು ನೋಡ್ದೆ. ಇನ್ನು ನಾಲ್ಕು ಊರೋರು ನೋಡಿದ್ರು. ಆಕಾಶ ಕನ್ನಡಿ ಥರ ಇತ್ತು. ಬೆಳಕು ಒಂದು ಎಳ್ಳಷ್ಟೂ ಕುಗ್ಲಿಲ್ಲ."

ಅವನ ಮುಖ ನೋಡಲಾಗಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಪುಸ್ತಕವನ್ನು ಕೇಳಿ ಪಡೆದೆ. ಅವನು ಬರೆಯುವುದು ಇಂಗ್ಲಿಷ್ ದಿನಾಂಕ. ನನಗೆ ಇಂಗ್ಲಿಷ್ ದಿನಾಂಕವೆಂದರೆ ಪೆನ್ಷನ್ನಿನ ದಿನ ಮಾತ್ರ. ಉಳಿದಂತೆ ನಾನು ಬದುಕುವುದು ತಿಥಿಯಲ್ಲಿ. ಮಲಗಿದ್ದವನಿಗೆ ಬೇರೆ ಕೆಲಸವೂ ಇರಲಿಲ್ಲ. ಗ್ರಹ ಬಂದ ಎಂಟು ದಿನಾಂಕಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನ ಮೇಲೆ ಎಣಿಸಿ ತಿಥಿಗೆ ತಿರುಗಿಸುತ್ತ ಹೋದೆ. ಮೊದಲನೆಯದು ದ್ವಾದಶಿ. ಎರಡನೆಯದು ದ್ವಾದಶಿ. ಮೂರನೆಯದೂ ದ್ವಾದಶಿ. ಐದನೆಯದಕ್ಕೆ ಬಂದಾಗ ಎಣಿಕೆ ತಪ್ಪಿತೇನೋ ಎಂದು ಮೊದಲಿನಿಂದ ಮತ್ತೆ ಎಣಿಸಿದೆ. ಎಂಟೂ ದ್ವಾದಶಿ.

ಓದುಗರಿಗೆ ನನ್ನ ಬಚ್ಚಲಿನ ವಿಷಯ ತಿಳಿಸಬೇಕು. ಉಳಿದ ದಿನಗಳಲ್ಲಿ ನನ್ನ ಸ್ನಾನ ಆರು ಗಂಟೆಗೆ, ನಕ್ಷತ್ರಗಳೆಲ್ಲ ಮನೆಗೆ ಹೋದ ಮೇಲೆ. ಏಕಾದಶಿಯ ಮರುದಿನ, ದ್ವಾದಶಿಯಂದು ಮಾತ್ರ, ಸೂರ್ಯ ಹುಟ್ಟುವ ಹೊತ್ತಿಗೆ ಪೂಜೆ ಮುಗಿಸಿ ಪಾರಣೆ ಮಾಡಬೇಕಾದ್ದರಿಂದ ನಾಲ್ಕಕ್ಕೇ ಬಚ್ಚಲೊಲೆ ಹೊತ್ತಿಸುತ್ತೇನೆ. ಕಾಫಿ ಗಿಡದ ಹಸಿ ಬುಡಗಳು, ಹೊಗೆಗೆ ಬರವಿಲ್ಲ. ಆ ಹೊಗೆ ಗಾಳಿಯಿಲ್ಲದ ನಸುಕಿನಲ್ಲಿ ನೆಟ್ಟಗೆ ಮೇಲೆದ್ದು ತೆಂಕಣ ಆಕಾಶಕ್ಕೆ, ಎಂದರೆ ಮೇಲಿನ ತಾರಸಿಯಿಂದ ನೋಡುವವನಿಗೆ ಚಿತ್ತೆಗೆ ಅಡ್ಡಲಾಗಿ, ಹೋಗುತ್ತದೆ. ಧನುರ್ಮಾಸದಲ್ಲಿ ನಿತ್ಯವೂ ನಸುಕಿನ ಸ್ನಾನವೇ. ಆದರೆ ಆ ತಿಂಗಳು ಕಣಿವೆಯೆಲ್ಲ ಮಂಜು ತುಂಬಿ ಅವನು ದೂರದರ್ಶಕದ ಮುಸುಕನ್ನೇ ತೆಗೆಯುವುದಿಲ್ಲ. ಇನ್ನು ಹೊಗೆಯ ವಾಸನೆ ಬರಲಿಲ್ಲವೇ ಎಂದರೆ, ದಿನಕ್ಕೆ ಎಂಟು ಸಲ ನಶ್ಯ ಏರಿಸುವ ಮೂಗಿಗೆ ಅದೆಲ್ಲಿ ತಿಳಿಯಬೇಕು? ತಿಥಿ ಹದಿನಾಲ್ಕು ದಿನಕ್ಕೂ ಬರುತ್ತದೆ, ಹದಿನಾರು ದಿನಕ್ಕೂ ಬರುತ್ತದೆ. ಅವನ ಮೂರನೆಯ ಗ್ರಹವೆಂದರೆ ನನ್ನ ಪಂಚಾಂಗ.

ಎರಡನೆಯ ಗ್ರಹ ನಾನೇ.

ಈ ಎರಡು ವರ್ಷವೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡಿದ್ದೇವೆ. ಅವನು ತನ್ನ ದಿನಾಂಕಗಳನ್ನು ನನ್ನ ತಿಥಿಗಳ ಪಕ್ಕದಲ್ಲಿ ಒಮ್ಮೆ ಇಟ್ಟಿದ್ದರೆ, ಅಥವಾ ನಾನು ಅವನ ಪುಸ್ತಕವನ್ನು ಒಮ್ಮೆ ತೆರೆದು ನೋಡಿದ್ದರೆ ಸಾಕಿತ್ತು. ಸಾವಿರಾರು ಮೈಲಿ ದೂರದವರ ಲೆಕ್ಕಗಳನ್ನೆಲ್ಲ ಕೂಡಿಸಿದ ಮಹಾನುಭಾವನಿಗೆ, ನಲವತ್ತು ಮೆಟ್ಟಿಲು ಕೆಳಗಿನ ಲೆಕ್ಕವೊಂದು ತಪ್ಪಿಹೋಗಿತ್ತು.

ನಾನು ಪುಸ್ತಕ ಮುಚ್ಚಿ ಹಿಂದಿರುಗಿಸಿದೆ. ಬಸ್ಸಿಗೆ ಹೊತ್ತಾಯಿತೇನೋ ಎಂದೆ. ಅವನು ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ಸಂಜೆಯ ಬಸ್ಸಿಗೆ ಹೊರಟುಹೋದ.

ಮನೆಗೆ ಬಂದ ಮೇಲೆ ನನ್ನ ಸಂಕಟ ನೋಡಿ. ತಣ್ಣೀರು ಮುಟ್ಟಬಾರದೆಂದು ಡಾಕ್ಟರ ಆಜ್ಞೆ. ಮುಂದಿನ ದ್ವಾದಶಿ ಹತ್ತಿರ ಬರುತ್ತಿದೆ. ಒಲೆ ಹೊತ್ತಿಸಿದರೆ ಸತ್ತ ಗ್ರಹ ಎದ್ದು ಬರುತ್ತದೆ. ಅವನು ಸಂಭ್ರಮದಿಂದ ಲೋಕಕ್ಕೆಲ್ಲ ಬರೆಯುತ್ತಾನೆ. ನಾಲ್ಕು ಊರಿನವರು ಪುನಃ ಕಾಣದೆ ಅವನ ಮಾತನ್ನೇ ನಂಬದಂತಾಗುತ್ತದೆ. ಹೊತ್ತಿಸದಿದ್ದರೆ ಗ್ರಹವೇನೋ ಮಾಯವಾಗುತ್ತದೆ, ಆದರೆ ಯಾಕೆ ಹೋಯಿತೆಂದು ತಿಳಿಯದೆ ಅವನು ಕೊನೆಯವರೆಗೂ ಕೊರಗುತ್ತಾನೆ. ಸತ್ಯ ಹೇಳುವುದು ಧರ್ಮವೆಂದು ತಲೆಮಾರುಗಳ ಮಕ್ಕಳಿಗೆ ಬೋಧಿಸಿದ ನಾನು ಒಂದು ಬಚ್ಚಲೊಲೆಯ ಮುಂದೆ ಮೂಕನಾಗಿ ನಿಂತೆ.

ನಮ್ಮಾಕೆಗೆ ಹೇಳಿಕೊಂಡೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿ, "ಇಷ್ಟು ದಿನ ಒಳಗಿಟ್ಟುಕೊಂಡಿದ್ದಿರಾ? ಹೋಗಿ ಹೇಳಿಬಿಡಿ. ಅವನು ನಿಮ್ಮ ಮೇಲೆ ಸಿಟ್ಟಾದರೆ ನಾನಿದ್ದೇನೆ. ಅತ್ತರೂ ನಾನಿದ್ದೇನೆ" ಎಂದಳು.

ಏಕಾದಶಿಯ ಸಂಜೆ, ಹಸಿದ ಹೊಟ್ಟೆಯಲ್ಲಿ, ಐದೈದು ಮೆಟ್ಟಿಲಿಗೆ ನಿಂತು ಉಸಿರೆಳೆದುಕೊಳ್ಳುತ್ತ ಮೇಲೆ ಹತ್ತಿದೆ. ಅವನು ಬಾಗಿಲಲ್ಲೇ ಇದ್ದ.

"ಕೂತ್ಕಳಿ ಭಾವ. ಹೊಲಿಗೆ ಹಾಕಿರೋ ಹೊಟ್ಟೆ ಇಟ್ಕೊಂಡು ಯಾಕೆ ಹತ್ತಿದ್ರಿ?"

"ನಿನ್ನ ಎರಡನೆಯ ಗ್ರಹದ ವಿಷಯ."

"ನಿಮ್ಮ ಬಚ್ಚಲೊಲೆ ತಾನೇ?"

ನಾನು ಕುಳಿತೆ.

"ಆಸ್ಪತ್ರೇಲಿ ನನ್ನ ತಾರೀಕು ಓದ್ತಾ ಗೆಣ್ಣು ಎಣಿಸ್ತಿದ್ರಲ್ಲ," ಎಂದ ಅವನು. "ಭಾವ ಗೆಣ್ಣು ಎಣಿಸೋದು ತಿಥಿಗೆ ಮಾತ್ರ. ನನ್ನ ಗ್ರಹಕ್ಕೆ ತಿಥಿ ಯಾಕೆ ಅಂತ ಬಸ್ಸಲ್ಲೆಲ್ಲ ಯೋಚ್ನೆ ಮಾಡ್ದೆ. ಬಂದು ನಿಮ್ಮ ಪಂಚಾಂಗ ತೆಗ್ದು ನೋಡ್ದೆ. ಆಮ್ಯಾಲೂ ಒಂದೇ ಲೆಕ್ಕ ನಂಬ್ಬಾರ್ದಲ್ಲ? ಒಂದಿನ ನಸುಕಲ್ಲಿ ನಾನೇ ನಿಮ್ಮ ಒಲೆ ಹೊತ್ತಿಸಿ ಮೇಲೆ ಬಂದು ಕೂತೆ. ಬಂದೇಬುಡ್ತು ಗ್ರಹ."

"ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ನೋಡುತ್ತೀಯಲ್ಲ? ಹೊಗೆ ಬಂದರೆ ಅವೂ ಮಸುಕಾಗಬೇಕಲ್ಲವೆ?"

"ಅದೇ ನನ್ನನ್ನ ಕೆಡಿಸಿದ್ದು. ಹೊಗೆ ನೀಲಿ ಬೆಳಕನ್ನ ಜಾಸ್ತಿ ತಿಂತೈತೆ, ಕೆಂಪನ್ನ ಕಮ್ಮಿ. ನಮ್ಮ ಯಜಮಾನ ಬಿಳಿಯೋನು, ಪಕ್ಕದೋರೆಲ್ಲ ಕೆಂಪಗವ್ರೆ. ಅವರಿಗಿಂತ ಇವನೇ ಒಂದು ಪಾಲು ಜಾಸ್ತಿ ಮಸುಕಾದ."

ಮೇಡಂ ಅವರಿಗೆ ಆಗಲೇ ಬರೆದಾಗಿತ್ತು. ಓದಿ ಹೇಳಿದ: "ಎರಡನೆಯ ಗ್ರಹ ಇಲ್ಲ. ಅದು ನನ್ನ ಭಾವನವರ ಸ್ನಾನದ ಒಲೆ. ಮೂರನೆಯದು ಅವರ ಪಂಚಾಂಗ. ತಮ್ಮೆಲ್ಲರ ಒಂದು ರಾತ್ರಿಯ ನಿದ್ದೆ ಕೆಡಿಸಿದ್ದಕ್ಕೆ ಕ್ಷಮೆ ಇರಲಿ." ಅವರ ಉತ್ತರವೂ ಬಂದಿತ್ತು. ಆ ಎಂಟು ಬೆಳಗುಗಳಲ್ಲಿ ಎರಡು, ಮೊದಲನೆಯ ಗ್ರಹ ಹಾಯುವ ದಿನಗಳೂ ಆಗಿದ್ದವಂತೆ. ಹೊಗೆ ಹಿಡಿದ ಆ ಲೆಕ್ಕವನ್ನು ತೆಗೆದುಹಾಕಿ ನೋಡಿದರೆ ಗ್ರಹ ಕೂದಲೆಳೆಯಷ್ಟು ಚಿಕ್ಕದಾಗಿ, ಬೇರೆಯವರ ಅಳತೆಗೆ ಸರಿಯಾಗಿ ಹೊಂದಿತಂತೆ. ತಮ್ಮ ತಪ್ಪನ್ನು ತಾವೇ ಹಿಡಿದುಕೊಟ್ಟವರ ಅಳತೆಯನ್ನು ಇನ್ನೂ ಹೆಚ್ಚು ನಂಬುತ್ತೇವೆ ಎಂದು ಕೊನೆಯಲ್ಲಿ ಬರೆದಿದ್ದರು. ಅದನ್ನು ಓದುವಾಗ ಅವನು ಎದ್ದು ನಿಂತಿದ್ದ.

"ಬೇಸರವಾಯಿತೇನೋ?"

"ಆಯ್ತು. ಎರಡು ದಿನ ಊಟ ಸೇರ್ಲಿಲ್ಲ. ಅಕ್ಕಂಗೆ ಹೊಟ್ಟೆ ಸರಿ ಇಲ್ಲ ಅಂದಿದ್ದೆ."

ಕಿಟಕಿಯಾಚೆ ನಮ್ಮ ಹೆಂಚಿನ ಮಾಡೂ ಬಚ್ಚಲಿನ ಹೊಗೆಗೂಡೂ ಕಾಣುತ್ತಿದ್ದವು. "ಇನ್ನು ಮೇಲೆ ದ್ವಾದಶಿಗೆ ಗ್ಯಾಸಿನ ಮೇಲೆ ನೀರು ಕಾಯಿಸಿಕೊಳ್ಳುತ್ತೇನೆ. ನಾಳೆಯಿಂದಲೇ" ಎಂದೆ.

"ಬ್ಯಾಡ" ಎಂದ, ತುಸು ಗಟ್ಟಿಯಾಗಿಯೇ. "ಒಲೆ ಉರೀಲಿ. ದ್ವಾದಶಿ ದಿನ ನಕ್ಷತ್ರಕ್ಕೆ ರಜಾ ಕೊಟ್ಟಿದೀನಿ. ಒಲೆ ಮಾತ್ರ ನಿಲ್ಲಿಸ್ಬ್ಯಾಡಿ ಭಾವ."

ಕಾರಣ ಕೇಳಿದೆ. ನಶ್ಯದ ಡಬ್ಬಿ ಹುಡುಕುವ ನೆಪದಲ್ಲಿ ಒಳಗೆ ಹೋದ.

ಮರುದಿನ ನಾಲ್ಕಕ್ಕೆ ಒಲೆ ಹೊತ್ತಿಸಿದೆವು. ನಾನು ಬಗ್ಗಬಾರದೆಂದು ನಮ್ಮಾಕೆಯೇ ಉರಿ ಹಾಕಿದಳು; ಹಸಿ ಬುಡ ತಂದಿಟ್ಟದ್ದಕ್ಕೆ ನನ್ನನ್ನು ಯಥಾಪ್ರಕಾರ ಬೈದಳು. ಸ್ನಾನ, ಪೂಜೆ ಮುಗಿಸಿ ಗಂಟೆ ಬಾರಿಸಿ, ಪಾರಣೆ ಮಾಡಿದೆ. ಬೆಳಕು ಹರಿದ ಮೇಲೆ ಅವನ ಪಾಲಿನ ದೋಸೆಯನ್ನು ಡಬ್ಬಿಯಲ್ಲಿ ಹಾಕಿಸಿಕೊಂಡು ನಾನೇ ಮೇಲೆ ಹತ್ತಿದೆ. ಅವನು ತಾರಸಿಯ ಬೆತ್ತದ ಕುರ್ಚಿಯಲ್ಲಿ ಕುಳಿತೇ ಬಾಯಿ ತೆರೆದು ನಿದ್ದೆ ಹೋಗಿದ್ದ. ನಕ್ಷತ್ರಕ್ಕೆ ರಜಾ ಕೊಟ್ಟವನ ದೂರದರ್ಶಕದ ಮುಸುಕು ತೆಗೆದೇ ಇತ್ತು. ತೊಡೆಯ ಮೇಲೆ ಪುಸ್ತಕ ತೆರೆದಿತ್ತು.

ಫಾಲ್ಗುಣದ ಆ ವಿಫಲವಾದ ನಸುಕಿನ ಸಾಲಿನಲ್ಲಿ, 'ಬೆಳಕು ಕುಗ್ಗಲಿಲ್ಲ' ಎಂದಿದ್ದುದರ ಕೆಳಗೆ ಬೇರೆ ಶಾಯಿಯಲ್ಲಿ ಸೇರಿಸಿದ್ದ: 'ಭಾವ ಆಸ್ಪತ್ರೆಯಲ್ಲಿ. ಮನೆ ಕತ್ತಲೆ.' ಅದರ ಕೆಳಗೆ ಇಂದಿನ ಸಾಲು:

'ನಾಲ್ಕು ಗಂಟೆ ಹತ್ತು ನಿಮಿಷ. ಬೆಳಕು ಕುಗ್ಗಿತು. ಅಕ್ಕ ಬೈದದ್ದು ಕೇಳಿಸಿತು. ಐದೂಕಾಲಿಗೆ ಪೂಜೆಯ ಗಂಟೆ ಕೇಳಿಸಿತು. ಮೂರೂ ಹೊಂದುತ್ತವೆ. ಭಾವ ಎದ್ದಿದ್ದಾರೆ.'

'ಇನ್ನೊಬ್ಬರು ಕಂಡದ್ದು' ಎಂಬ ಅಂಕಣ ಮಾತ್ರ ಖಾಲಿಯಿತ್ತು.

ದೋಸೆಯ ಡಬ್ಬಿಯನ್ನು ಕೆಳಗಿಟ್ಟು, ಅವನ ಜೇಬಿನಿಂದ ಮೆಲ್ಲನೆ ಪೆನ್ನು ತೆಗೆದುಕೊಂಡೆ. ಆ ಖಾಲಿ ಜಾಗದಲ್ಲಿ ತಿಥಿ, ವಾರ, ನಕ್ಷತ್ರ ಬರೆದು, ಪಕ್ಕದಲ್ಲಿ 'ಹೌದು, ಎದ್ದಿದ್ದೇನೆ' ಎಂದು ಸೇರಿಸಿ ರುಜು ಹಾಕಿದೆ.